ಮಂಚದ ಕೆಳಗಿನ ಉಗ್ರಾಣ

ಭಾನುವಾರ ಬೆಳಿಗ್ಗೆ ಐದೂವರೆಗೆ ಆ ಮನೆಯಲ್ಲಿ ಏಳುತ್ತಿದ್ದವಳು ಸೊಸೆ ಒಬ್ಬಳೇ. ವಾರದ ಆರು ದಿನ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿಯುವುದು ಅವಳ ಕೆಲಸ. ಏಳನೆಯ ದಿನವೂ ಹೋಗುತ್ತಿದ್ದುದು ಹೆಚ್ಚಿಗೆ ಸಿಗುವ ಮುನ್ನೂರಕ್ಕೆ. ಶನಿವಾರ ತಂಗಿದವರೆಲ್ಲ ಭಾನುವಾರ ಕೋಣೆ ಖಾಲಿ ಮಾಡುತ್ತಾರೆ, ಅವರು ಮಲಗೆದ್ದ ಬೆಡ್‌ಶೀಟುಗಳು ಲಾಂಡ್ರಿಯ ಬಾಗಿಲ ತನಕ ಗುಡ್ಡೆ ಬೀಳುತ್ತವೆ. ಅವನ್ನೆಲ್ಲ ಒಗೆದು, ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಕೊಟ್ಟು, ಆ ಕಡೆಯಿಂದ ಎಳೆದು ಮಡಿಸಿ ಮುಗಿಸುವಾಗ ಮಧ್ಯಾಹ್ನ ಎರಡು ಗಂಟೆ. ಮನೆಗೆ ಬಂದರೆ ವಾರವೆಲ್ಲ ಮಿಕ್ಕ ಕೆಲಸ ಬಾಗಿಲಲ್ಲೇ ಕಾದಿರುತ್ತಿತ್ತು. ಮೂರು ವರ್ಷದಿಂದ ಅವಳಿಗೆ ರಜೆ ಸಿಕ್ಕಿದ್ದು ಜ್ವರ ಬಂದಾಗ ಮಾತ್ರ.

"ನಾನು ಭಾನುವಾರದ್ದು ಬಿಟ್ಬಿಡ್ತೀನಿ ರೀ," ಎಂದಳು ಒಂದು ದಿನ ಗಂಡನಿಗೆ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದೇ ಅವನ ಕಸುಬು. ಮನೆಯೊಳಗೆ ಸಿಕ್ಕಿಹಾಕಿಕೊಂಡವರು ಮಾತ್ರ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

"ಬಿಡು, ಯಾರು ಬೇಡ ಅಂದ್ರು? ತಿಂಗಳಿಗೆ ಸಾವಿರದ ಇನ್ನೂರು ಎಲ್ಲಾದ್ರೂ ಉಳೀಲಿ, ಬಿಟ್ಬಿಡು."

"ಎಲ್ಲಾದ್ರೂ ಅಂದ್ರೆ ಎಲ್ಲಿ?"

"ಮನೆ ಸಾಮಾನಲ್ಲಿ. ಸೋರೋದೆಲ್ಲಾ ಅಲ್ಲೇ ತಾನೆ?"

ಹಾಗಂದು ಅವನು ಊಟ ಮುಗಿಸಿ ಕೈ ತೊಳೆದ. ಆಡಿದ ಮಾತೂ ಆ ನೀರಿನಲ್ಲೇ ಹೋಯಿತು. ಅವಳು ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಲಾಂಡ್ರಿಯಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳು ದಾರಿ ತೋರಿಸಿದಳು. ಅವರ ಮನೆಗೆ ತಿಂಗಳ ಸಾಮಾನು ಫೋನಿನಲ್ಲೇ ಬರುತ್ತದೆ. ಒಮ್ಮೆ ಬರೆಸಿಟ್ಟರೆ ಸಾಕು, ಪ್ರತಿ ತಿಂಗಳು ಅದೇ ತಾರೀಖಿಗೆ ಅದೇ ಸಾಮಾನು ಬಾಗಿಲಿಗೆ ಬಂದು ಬೀಳುತ್ತದೆ. ದುಡ್ಡು ಬ್ಯಾಂಕಿನಿಂದ ತಾನಾಗಿಯೇ ಕಡಿತವಾಗುತ್ತದೆ. ಏಳು ಸಾಮಾನು ಒಟ್ಟಿಗೆ ತರಿಸಿದರೆ ನೂರಕ್ಕೆ ಹದಿನೈದು ಕಡಿಮೆ. ಸೊಸೆ ಬಸ್ಸಿನಲ್ಲಿ ಬರುವಾಗ ಬೆರಳು ಮಡಿಸಿ ಲೆಕ್ಕ ಹಾಕಿದಳು. ಸಾವಿರದ ಐವತ್ತು ಉಳಿಯುತ್ತದೆ. ಇನ್ನು ನೂರೈವತ್ತು ಎಲ್ಲಾದರೂ ಕೈ ಬಿಗಿ ಹಿಡಿದರಾಯಿತು.

ಆದರೆ ಲಾಂಡ್ರಿಯೊಳಗೆ ಫೋನ್ ಒಯ್ಯುವಂತಿಲ್ಲ. ಸಾಮಾನು ಬರುವ ಹೊತ್ತಿಗೆ ಮನೆಯಲ್ಲಿ ಇರುವವರು ಮಾವ. ಹಾಗಾಗಿ ಅವರ ಫೋನಿಗೇ ಆ್ಯಪ್ ಹಾಕುವುದೆಂದಾಯಿತು. ಎಂಟನೇ ಕ್ಲಾಸಿನ ಮಗಳು ತಾತನ ಪಕ್ಕ ಕೂತು ಎಲ್ಲ ಜೋಡಿಸಿದಳು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಟೀ ಪುಡಿ, ಬಟ್ಟೆ ಸೋಪಿನ ಪುಡಿ. ಆರಾಯಿತು. ಏಳನೆಯದಕ್ಕೆ ಜಗಳ ಹತ್ತಿತು.

"ಬಿಸ್ಕತ್ತು ಹಾಕು," ಎಂದ ಗಂಡ.

"ಬಿಸ್ಕತ್ತು ಬಂದ್ರೆ ಎರಡೇ ದಿನ, ಡಬ್ಬಿ ಬರಿದು," ಎಂದರು ಅತ್ತೆ. "ನನ್ನ ಮಂಡಿ ಮುಲಾಮು ಹಾಕಲಿ."

"ಅದು ಇದರಲ್ಲಿ ಬರಲ್ಲ ಅಜ್ಜಿ. ಪಾತ್ರೆ ಉಜ್ಜೋ ಸ್ಕ್ರಬ್ಬರ್ ಇದೆ, ಎಲ್ಲಕ್ಕಿಂತ ಅಗ್ಗ. ಹನ್ನೆರಡರದ್ದು ಒಂದು ಪ್ಯಾಕು."

"ಹನ್ನೆರಡು ಸ್ಕ್ರಬ್ಬರ್ ಇಟ್ಕೊಂಡು ಏನು ಊರಿನ ಪಾತ್ರೆಯೆಲ್ಲಾ ಉಜ್ಜೋದಾ?"

"ಏಳಾಗ್ಬೇಕಲ್ಲ ಅತ್ತೆ," ಎಂದಳು ಸೊಸೆ. "ಅದಕ್ಕೆ ಅಷ್ಟೇ."

ಇಷ್ಟು ದಿನ ಸಾಮಾನು ತರುತ್ತಿದ್ದವರು ಮಾವ. ದಿನಾ ಸಂಜೆ ಚೀಲ ಮಡಿಸಿ ಕಂಕುಳಿಗಿಟ್ಟು ಮೂಲೆಯ ಅಂಗಡಿಗೆ ಹೋಗುವುದು, ಬೇಳೆಯನ್ನು ಅಂಗೈಗೆ ಸುರಿದುಕೊಂಡು ನೋಡುವುದು, ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಣ್ಣು ಕೀಳದಿರುವುದು, ಎಲ್ಲ ಅವರದೇ. ಅವರು ಮೂವತ್ತೊಂದು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಹತ್ತಿ, ಬ್ಯಾಂಡೇಜು, ಫಿನಾಯಿಲಿನಿಂದ ಹಿಡಿದು ರೋಗಿಗಳ ಹೊದಿಕೆಯವರೆಗೆ ಅವರ ಕೈ ದಾಟದೆ ಯಾವುದೂ ವಾರ್ಡಿಗೆ ಹೋಗುತ್ತಿರಲಿಲ್ಲ. ಈಗ ಉಳಿದಿದ್ದ ಒಂದು ಚೀಲವೂ ಹೋಯಿತಲ್ಲ ಎಂದು ಮೂರು ದಿನ ಮುಖ ಊದಿಸಿಕೊಂಡೇ ಇದ್ದರು.

ಮೊದಲ ಸಾಮಾನು ಬಂದ ದಿನ ಆ ಊತ ಇಳಿಯಿತು. ಸೊಸೆ ಸಂಜೆ ಮನೆಗೆ ಬಂದಾಗ ಮಾವ ಕನ್ನಡಕ ಏರಿಸಿಕೊಂಡು ನೆಲದಲ್ಲಿ ಕೂತಿದ್ದರು. ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ದಪ್ಪ ಕಪ್ಪು ಮಾರ್ಕರಿನಲ್ಲಿ ಬಂದ ತಾರೀಖು ಬರೆದು, ಕೆಳಗೆ ಚಿಕ್ಕ ಸಹಿ ಹಾಕಿ, ತಮ್ಮ ಮಂಚದ ಕೆಳಗೆ ಸಾಲಾಗಿ ಜೋಡಿಸುತ್ತಿದ್ದರು.

"ಸಹಿ ಯಾಕೆ ಮಾವ?"

"ಯಾರು ತಗೊಂಡ್ರು ಅಂತ ನಾಳೆ ಕೇಳಿದ್ರೆ?"

"ಯಾರು ಕೇಳ್ತಾರೆ?"

"ಯಾರಾದ್ರೂ ಕೇಳ್ತಾರೆ. ಹಳೇದು ಮೊದಲು ಹೋಗ್ಬೇಕು, ಹೊಸದು ಆಮೇಲೆ. ಇದು ಮುಗಿಯೋವರೆಗೆ ಅದನ್ನ ಮುಟ್ಟೋಹಾಗಿಲ್ಲ. ನಿಮ್ಮತ್ತೆಗೆ ಹೇಳಿಬಿಡು."

ಆ ತಿಂಗಳು ನಿಜಕ್ಕೂ ಸಾವಿರದ ಐವತ್ತು ಉಳಿಯಿತು. ಸೊಸೆ ಅದನ್ನು ಗಂಡನಿಗೆ ಎರಡು ಸಲ ಹೇಳಿದಳು. ಅವನು "ಭೇಷ್" ಎಂದ. ಇನ್ನೊಂದು ತಿಂಗಳು ಹೀಗೇ ಆದರೆ ಲಾಂಡ್ರಿಯ ಮೇಲ್ವಿಚಾರಕಿಗೆ ಹೇಳಿಯೇಬಿಡುವುದೆಂದು ಅವಳು ನಿರ್ಧರಿಸಿದಳು.

ಎರಡನೇ ತಿಂಗಳ ಸಾಮಾನು ಬಂದಾಗ ಮೊದಲನೆಯದು ಪೂರ್ತಿ ಮುಗಿದಿರಲಿಲ್ಲ. ಮಂಚದ ಕೆಳಗೆ ಜಾಗ ಸಾಲದೆ ಎಣ್ಣೆಯ ಕ್ಯಾನು ಅಡುಗೆಮನೆಯ ಮೂಲೆಗೆ ಬಂತು. ಅತ್ತೆಯ ಕೈ ಅಲ್ಲಿಂದ ಸಡಿಲವಾಯಿತು.

ಅತ್ತೆ ದುಂದುಗಾರ್ತಿಯಲ್ಲ. ಸೋಪಿನ ಪುಡಿಯನ್ನು ಚಿಟಿಕೆಯಲ್ಲಿ ಎಣಿಸಿ ಹಾಕುತ್ತಿದ್ದವರು, ಟೀ ಪುಡಿಯನ್ನು ಎರಡು ಸಲ ಕುದಿಸುತ್ತಿದ್ದವರು. ಆದರೆ ಆ ಉಳಿತಾಯವೆಲ್ಲ ಡಬ್ಬಿಯ ತಳ ಕಂಡಾಗಿನದು. ಡಬ್ಬಿ ಬರಿದಾಗುತ್ತಿದೆ, ಗಂಡ ಅಂಗಡಿಗೆ ಹೋಗಬೇಕು, ಹೋಗಿ ಬಂದು ಗೊಣಗುತ್ತಾರೆ ಎಂಬ ಭಯವೇ ಅವರ ಕೈ ಹಿಡಿಯುತ್ತಿತ್ತು. ಈಗ ತಳ ಕಾಣುವುದೇ ಇಲ್ಲ. ಬಚ್ಚಲಿಗೆ ಹೋದರೆ ಬಕೆಟ್ಟಿನಿಂದ ನೊರೆ ಉಕ್ಕಿ ಚಪ್ಪಲಿಯವರೆಗೆ ಬಂದಿರುತ್ತಿತ್ತು. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಎರಡು ಮಾತಾಡಿದರೂ ಸಾಕು, ಟೀ.

"ಅತ್ತೆ, ಪುಡಿ ಸ್ವಲ್ಪ ನೋಡಿ ಹಾಕಿ," ಎಂದಳು ಸೊಸೆ. "ಹತ್ತೇ ದಿನಕ್ಕೆ ಅರ್ಧ ಆಗಿದೆ."

"ಅಷ್ಟೊಂದಿದೆಯಲ್ಲೇ."

"ಇದೆ ಅಂತ ಸುರಿಯೋದಾ?"

"ಇಟ್ಕೊಂಡು ಏನು ಮಾಡೋದು, ಪೂಜೆನಾ? ಇಲ್ಲದಿದ್ದಾಗ ಇಲ್ಲ ಅಂತ ಕೈ ಕಟ್ಟಿಕೊಂಡಿದ್ವಿ. ಈಗ ಇದೆ. ಮಂಡಿ ನೋವು ನನಗೆ, ಉಜ್ಜಕ್ಕಾಗಲ್ಲ. ನೊರೇಲಿ ನೆನೆಸಿದ್ರೆ ಕೊಳೆ ತಾನೇ ಬಿಡುತ್ತೆ."

"ನಾನು ಬಿಡಿಸ್ಕೊಳ್ಳೋಕೆ ನೋಡ್ತಿರೋದು ಕೊಳೆ ಅಲ್ಲ ಅತ್ತೆ, ಭಾನುವಾರ."

"ನಿನ್ನ ಭಾನುವಾರಕ್ಕೂ ನನ್ನ ಬಕೆಟ್ಟಿಗೂ ಏನಮ್ಮ ಸಂಬಂಧ?"

ಸಂಬಂಧ ಏನೆಂದು ವಿವರಿಸಲು ಹೊರಟರೆ ಬಸ್ಸು ತಪ್ಪುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಹೊರಟಳು. ದಾರಿಯುದ್ದಕ್ಕೂ ಆಡದೆ ಉಳಿದ ಮಾತುಗಳನ್ನು ಮನಸ್ಸಿನಲ್ಲೇ ಆಡಿ ಮುಗಿಸಿದಳು.

ಗಂಡನದು ಇನ್ನೊಂದು ಬಗೆ. ಸಾಮಾನಿನಲ್ಲಿ ಹೇಗೂ ಉಳಿಯುತ್ತಿದೆಯಲ್ಲ ಎಂದು ಅವನು ಸಂಜೆ ಬರುವಾಗ ಬಿಸ್ಕತ್ತು, ಹುರಿದ ಕಡಲೆ, ಒಂದು ದಿನ ಕಾಲು ಕಿಲೋ ಬೆಣ್ಣೆ ತಂದ. ಇಪ್ಪತ್ತನೇ ತಾರೀಖಿಗೆ ಅವಳು ಕೂಡಿಸಿ ನೋಡಿದರೆ ಉಳಿದದ್ದು ಸೊನ್ನೆ. ಬೆಣ್ಣೆಯಲ್ಲಿ ಅವಳಿಗೆ ಒಂದು ಚಮಚ ಸಿಕ್ಕಿತ್ತು, ಅಷ್ಟೇ ಲಾಭ.

ಅವಳು ನೇರ ಮಾವನ ಬಳಿ ಹೋದಳು. "ಮಾವ, ಇಪ್ಪತ್ತೈದಕ್ಕೆ ಮೆಸೇಜ್ ಬರುತ್ತೆ. ಮುಂದಿನ ತಿಂಗಳು ಅಕ್ಕಿ, ಬೇಳೆ, ಸಕ್ಕರೆ, ಸ್ಕ್ರಬ್ಬರ್, ಯಾವುದೂ ಬೇಡ. ಇರೋದೇ ಆಗುತ್ತೆ. 'ಈ ಸಲ ಬೇಡ' ಅಂತ ಇರುತ್ತೆ, ಅದನ್ನ ಒತ್ತಿಬಿಡಿ."

"ಈ ಸಲ ಬೇಡ ಅಂತಾನಾ?"

"ಹೂಂ. ಮುಂದಿನ ಸಲ ನೋಡೋಣ."

"ಆಯ್ತಮ್ಮ, ನೋಡ್ತೀನಿ," ಎಂದರು ಮಾವ. ಅವರು "ನೋಡ್ತೀನಿ" ಎಂದರೆ ತಮಗೆ ತೋಚಿದ್ದನ್ನು ಮಾಡುತ್ತಾರೆ ಎಂದು ಹದಿನೈದು ವರ್ಷ ಸಂಸಾರ ಮಾಡಿದ ಸೊಸೆಗೆ ಗೊತ್ತಿರಬೇಕಿತ್ತು. ಅಂದು ಅವಳಿಗೆ ಸುಸ್ತಾಗಿತ್ತು, ಗಮನಿಸಲಿಲ್ಲ.

ಮುಂದಿನ ತಿಂಗಳ ಮೂರನೇ ತಾರೀಖು ಅವಳು ಕೆಲಸ ಮುಗಿಸಿ ಬಂದು ಬಾಗಿಲು ತಳ್ಳಿದರೆ ಅದು ಅರ್ಧಕ್ಕೇ ನಿಂತಿತು. ಹಿಂದೆ ಎರಡು ಮೂಟೆ ಅಕ್ಕಿ ಒರಗಿದ್ದವು. ಓರೆಯಾಗಿ ನುಸುಳಿ ಒಳಗೆ ಹೋದಳು. ಎಣ್ಣೆಯ ಕ್ಯಾನು ಎರಡು, ಸೋಪಿನ ಪುಡಿ ಎರಡು, ಸಕ್ಕರೆ ಎರಡು ಚೀಲ, ಟೀ ಪುಡಿ ಎರಡು, ಬೇಳೆ ಎರಡು, ಇಪ್ಪತ್ತನಾಲ್ಕು ಸ್ಕ್ರಬ್ಬರು. ಮಧ್ಯೆ ಮಾವ ಮಾರ್ಕರಿನ ಮುಚ್ಚಳ ಹಾಕುತ್ತ ನಿಂತಿದ್ದರು. ಎಲ್ಲದರ ಮೇಲೂ ತಾರೀಖು ಬಿದ್ದಾಗಿತ್ತು.

"ಏನಿದು ಮಾವ?"

ಮಾವನಿಗೂ ದಿಗಿಲಾಗಿತ್ತು. "ನಾನೂ ಅದನ್ನೇ ನೋಡ್ತಿದ್ದೀನಮ್ಮ. ಕೇಳಿದ್ದಷ್ಟೂ ಕೊಟ್ಟುಬಿಟ್ಟಿದ್ದಾರೆ."

"ಕೇಳಿದ್ದಾ? ಬೇಡ ಅನ್ನಿ ಅಂತ ಅಲ್ವಾ ನಾನು ಹೇಳಿದ್ದು?"

"ಬೇಡ ಅನ್ನಬಾರದಮ್ಮ. ಬೇಡ ಅಂದ್ರೆ ನಮ್ಮ ಪಾಲು ಕಡಿತ ಆಗುತ್ತೆ. ಆಸ್ಪತ್ರೇಲಿ ಒಂದ್ಸಲ ಫಿನಾಯಿಲು ಸಾಕಷ್ಟಿದೆ, ಈ ಸಲ ಬೇಡ ಅಂತ ಬರೆದೆ. ಮುಂದಿನ ಸಲ ಅರ್ಧಕ್ಕೆ ಇಳಿಸಿಬಿಟ್ರು. ಕೇಳಿದ್ರೆ, ನಿಮಗೆ ಅಷ್ಟು ಬೇಕಾಗಿಲ್ಲ ಅಂತ ನೀವೇ ಬರೆದಿದ್ದೀರಲ್ಲ ಅಂದ್ರು. ಆವತ್ತಿನಿಂದ ನಾನು ಬೇಡ ಅಂತ ಬರೆದಿಲ್ಲ."

"ಸರಿ, ಬೇಡ ಅನ್ನಲಿಲ್ಲ. ಎರಡೆರಡು ಯಾಕೆ ಬಂತು?"

ಮಾವ ತಲೆ ತಗ್ಗಿಸಿದರು. "ಎರಡು ಕೇಳಿದ್ರೆ ಒಂದು ಮಂಜೂರು ಮಾಡ್ತಾರೆ. ಯಾವಾಗ್ಲೂ ಹಾಗೇ. ನೀನು ಕಮ್ಮಿ ಬೇಕು ಅಂದೆಯಲ್ಲ. ಒಂದು ಕೇಳಿದ್ರೆ ಅರ್ಧ ಬರುತ್ತೆ, ಬೇಡ ಅಂದ್ರೆ ಕಡಿತ. ಎರಡು ಅಂತ ಹಾಕಿದ್ರೆ ಸರಿಯಾಗಿ ಒಂದು ಬರುತ್ತೆ ಅಂದ್ಕೊಂಡೆ. ಮೂವತ್ತೊಂದು ವರ್ಷದಲ್ಲಿ ಕೇಳಿದ್ದನ್ನ ಕೇಳಿದಷ್ಟೇ ಕೊಟ್ಟವರನ್ನ ನಾನು ಕಂಡಿಲ್ಲಮ್ಮ."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೀಲದಿಂದ ಫೋನ್ ತೆಗೆದು ನೋಡಿದಳು. ಅವಳ ಬ್ಯಾಂಕ್ ಖಾತೆಯಿಂದ ದುಡ್ಡು ಕಡಿತವಾಗಿತ್ತು. ಮೊನ್ನೆ ಬಂದ ಸಂಬಳ ಹೆಚ್ಚುಕಡಿಮೆ ಪೂರ್ತಿ ಅಕ್ಕಿ, ಬೇಳೆಯಾಗಿ ಅವಳ ಕಾಲ ಬಳಿ ಬಿದ್ದಿತ್ತು.

"ವಾಪಸ್ ಕಳಿಸೋಣ," ಎಂದು ಮಗಳು ಓಡಿಬಂದಳು. ಫೋನಿನಲ್ಲಿ ಓದುತ್ತ ಓದುತ್ತ ಅವಳ ದನಿ ಇಳಿಯಿತು. "ಪ್ಯಾಕೆಟ್ ಮೇಲೆ ಏನೂ ಬರೆದಿರಬಾರದು ಅಂತಿದೆ ಅಮ್ಮ. ಬಂದ ಹಾಗೇ ಇರಬೇಕಂತೆ."

ಎಲ್ಲರೂ ಪ್ಯಾಕೆಟ್ಟುಗಳನ್ನು ನೋಡಿದರು. ಮಾವನ ಅಕ್ಷರ ಮುತ್ತಿನ ಹಾಗಿತ್ತು. ಒಂದೊಂದರ ಮೇಲೂ ತಾರೀಖು, ಸಹಿ. ಸೊಸೆ ಸೀರೆಯ ತುದಿ ಒದ್ದೆ ಮಾಡಿ ಒಂದು ಚೀಲವನ್ನು ಉಜ್ಜಿದಳು. ಅತ್ತೆ ಒಳಗಿನಿಂದ ಒಂದು ಹೊಸ ಸ್ಕ್ರಬ್ಬರ್ ತಂದು ಕೊಟ್ಟರು. ಅದರಿಂದ ಉಜ್ಜಿದರೆ ಪ್ಯಾಕೆಟ್ಟು ಹರಿದು ಸಕ್ಕರೆ ಚೆಲ್ಲಿತು.

"ಬಿಡಿ ಅತ್ತೆ, ಸಾಕು," ಎಂದಳು ಸೊಸೆ.

ಗಂಡ ಬಂದವನೇ ಮೂಟೆಗೆ ಎಡವಿದ. ಸಂಗತಿ ಕೇಳಿ ಅಪ್ಪನ ಮೇಲೆ ರೇಗಿದ. "ಒಂದು ಗುಂಡಿ ಒತ್ತೋಕೆ ಹೇಳಿದ್ರೆ ಆಸ್ಪತ್ರೆ ಪುರಾಣ ಯಾಕಪ್ಪ? ಅದು ಹೋಗಿ ಇಪ್ಪತ್ತು ವರ್ಷ ಆಯ್ತು."

"ಹದಿನೇಳು," ಎಂದರು ಮಾವ.

"ಹದಿನೇಳೋ ಇಪ್ಪತ್ತೋ. ಈಗ ಈ ತಿಂಗಳು ಏನು ಮಾಡೋದು?" ಹೆಂಡತಿಯ ಕಡೆ ತಿರುಗಿದ. "ನೋಡು, ಇಷ್ಟು ದಿನ ಹೋಗಿದ್ದೀಯ. ಇನ್ನೆರಡು ತಿಂಗಳು ಭಾನುವಾರ ಹೋಗಿಬಿಡು. ಇದೊಂದು ಸರಿಹೋಗಲಿ."

ಅವಳು ಅಕ್ಕಿ ಮೂಟೆಯ ಮೇಲೆ ಕೂತಿದ್ದಳು. ಎದ್ದಳು.

"ನಾನು ಯಾಕೆ ಹೋಗ್ಬೇಕು?"

"ದುಡ್ಡು ಹೋಯ್ತಲ್ಲ."

"ದುಡ್ಡು ಹೋಗಿಲ್ಲ. ಇಲ್ಲೇ ಇದೆ, ನೀವು ಅದಕ್ಕೇ ಎಡವಿದ್ದು. ಮುಂದಿನ ತಿಂಗಳು ಸಾಮಾನಿಗೆ ಒಂದು ಕಾಸು ಬೇಕಾಗಿಲ್ಲ. ಅತ್ತೆ ಬಕೆಟ್ ತುಂಬಾ ನೊರೆ ಮಾಡ್ಲಿ, ನೀವು ಬೆಣ್ಣೆ ತನ್ನಿ, ಮಾವ ಮೂಟೆ ತರಿಸ್ಲಿ. ಎಲ್ಲಾ ಆದ್ಮೇಲೆ ಭಾನುವಾರ ಹೋಗೋಳು ನಾನು. ಈ ಮನೇಲಿ ಯಾರ ಕೈ ಜಾರಿದ್ರೂ ಕಡಿತ ಆಗೋದು ನನ್ನ ದಿನಾನೇ ಅಲ್ವಾ?"

"ಅಷ್ಟು ದೊಡ್ಡ ಮಾತು ಯಾಕೆ?"

"ಮೂರು ವರ್ಷ ಸಣ್ಣ ಮಾತಲ್ಲೇ ಹೇಳಿದೆ."

ಗಂಡ ಸ್ಕೂಟರಿನ ಟಯರು, ಮಗಳ ಶಾಲೆಯ ಬೂಟು ಎಂದು ಏನೇನೋ ಪಟ್ಟಿ ಹೇಳಿದ. ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ಅಂದು ಊಟದಲ್ಲಿ ಎಲ್ಲರೂ ತಟ್ಟೆ ನೋಡಿಕೊಂಡೇ ಉಂಡರು. ಮಾವ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮರುದಿನ ಮಗಳು ತಿಂಗಳ ಸಾಮಾನಿನ ಏರ್ಪಾಡನ್ನೇ ರದ್ದು ಮಾಡಿದಳು. ಆ್ಯಪು ಸುಲಭಕ್ಕೆ ಬಿಡಲಿಲ್ಲ. ಯಾಕೆ ಹೋಗುತ್ತೀರಿ, ಬೇಸರವಾಯಿತೇ, ನೂರಕ್ಕೆ ಇನ್ನೂ ಐದು ಕಡಿಮೆ ಮಾಡಿದರೆ ಉಳಿಯುತ್ತೀರಾ ಎಂದು ನಾಲ್ಕು ಸಲ ಕೇಳಿತು. ನಾಲ್ಕು ಸಲವೂ ಮಾವ ಪಕ್ಕದಲ್ಲಿ ಕೂತು "ಬೇಡ ಅನ್ನು" ಎಂದರು. ಹಾಗೆನ್ನುವಾಗ ಪ್ರತಿ ಸಲವೂ ಅವರ ಮುಖ ಕಿವುಚಿದ ಹಾಗಾಗುತ್ತಿತ್ತು.

ಆಮೇಲೆ ಅವರು ಮಂಚದ ಕೆಳಗಿನದನ್ನೆಲ್ಲ ಹೊರಗೆಳೆದು ಹೊಸದರ ಜೊತೆ ತೂಗಿದರು. ಸಂಜೆ ಸೊಸೆ ಬಂದಾಗ ಅವಳ ಕೈಗೊಂದು ಚೀಟಿ ಕೊಟ್ಟರು. "ಮುಂಚಿನ ಹಾಗೆ ಬಳಸಿದ್ರೆ ಒಂಬತ್ತು ವಾರ. ಈಗಿನ ಹಾಗೆ ಸುರಿದ್ರೆ ಐದೂ ಬರಲ್ಲ."

"ಒಂಬತ್ತು ವಾರ ಅಂದ್ರೆ ಒಂಬತ್ತು ಭಾನುವಾರ," ಎಂದಳು ಸೊಸೆ.

"ಹೌದು, ಅಷ್ಟೇ," ಎಂದರು ಮಾವ. ಕ್ಷಮಿಸು ಎಂಬ ಮಾತು ಅವರ ಬಾಯಲ್ಲಿ ಎಂದೂ ಬಂದದ್ದಲ್ಲ, ಅಂದೂ ಬರಲಿಲ್ಲ. ಹಳೆಯ ಕಬ್ಬಿಣದ ಪೆಟ್ಟಿಗೆಯೊಂದನ್ನು ಖಾಲಿ ಮಾಡಿ, ಅದರಲ್ಲಿ ಸೋಪಿನ ಪುಡಿ, ಸಕ್ಕರೆ, ಟೀ ಪುಡಿ ತುಂಬಿ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ಮನೆಯಲ್ಲಿ ಯುದ್ಧ ಶುರುವಾಯಿತು.

"ನಲವತ್ತಾರು ವರ್ಷ ಈ ಮನೆ ಅಡುಗೆ ಮಾಡಿದೀನಿ," ಎಂದರು ಅತ್ತೆ, ಖಾಲಿ ಡಬ್ಬಿ ಹಿಡಿದು ನಿಂತು. "ಈಗ ಸಕ್ಕರೆಗೆ ನಿಮ್ಮ ಮುಂದೆ ಕೈ ಚಾಚ್ಬೇಕಾ?"

"ಬೆಳಿಗ್ಗೆ ಏಳಕ್ಕೆ ಕೊಡ್ತೀನಿ. ದಿನದ್ದು ಒಂದೇ ಸಲ."

"ಏಳೂವರೆಗೆ ಯಾರಾದ್ರೂ ಬಂದ್ರೆ?"

"ನಾಳೆ ಏಳಕ್ಕೆ ಬರಲಿ."

"ನನ್ನ ಕರ್ಮ," ಎಂದು ಅತ್ತೆ ಡಬ್ಬಿಯನ್ನು ಸದ್ದಾಗುವಂತೆ ಇಟ್ಟರು. ಸೊಸೆಯ ಕಡೆ ತಿರುಗಿ, "ಎಲ್ಲಾ ನಿನ್ನ ಫೋನ್ ವ್ಯಾಪಾರದಿಂದ ಆಗಿದ್ದು," ಎಂದರು. ಸೊಸೆಗೆ ಸಿಟ್ಟು ಬಂತು. ಖಾಲಿ ಡಬ್ಬಿ ಹಿಡಿದು ಕಾಯಬೇಕಾದ ಅತ್ತೆಯನ್ನು ಕಂಡು ಪಾಪ ಎಂದೂ ಅನ್ನಿಸಿತು. ಡಬ್ಬಿಯನ್ನು ಎತ್ತಿ ಅದರ ಜಾಗಕ್ಕೆ ಇಟ್ಟಳು.

ಶುಕ್ರವಾರ ಅವಳು ಮೇಲ್ವಿಚಾರಕಿಯ ಬಳಿ ಹೋದಳು.

"ಭಾನುವಾರ ಬಿಡ್ತೀಯಾ? ಯೋಚನೆ ಮಾಡಿದೀಯ ತಾನೆ?" ಎಂದಳು ಆಕೆ. "ಕೇಳ್ತಿರೋರು ಮೂರು ಜನ ಇದಾರೆ. ನಿನ್ನ ಜಾಗಕ್ಕೆ ಇವತ್ತೇ ಒಬ್ಬಳನ್ನ ಹಾಕ್ತೀನಿ. ಆಮೇಲೆ ಮತ್ತೆ ಬೇಕು ಅಂದ್ರೆ ಆಗಲ್ಲ."

"ಗೊತ್ತು. ಹಾಕ್ಕೊಳ್ಳಿ."

ಬಸ್ಸಿನಲ್ಲಿ ಕೂತು ಮತ್ತೆ ಬೆರಳು ಮಡಿಸಿದಳು. ಒಂಬತ್ತು ವಾರದ ಲೆಕ್ಕ ಸಿಕ್ಕಿತು, ಆಮೇಲಿನದು ಸಿಗಲಿಲ್ಲ. ಗಂಡನಿಗೆ ಹೇಳಿದಾಗ ಅವನು ಸ್ಕೂಟರಿನ ಕೀಲಿಯನ್ನು ಮೊಳೆಗೆ ತಗುಲಿಸಿದ. ಆಮೇಲೆ, "ನನ್ನನ್ನ ಒಂದು ಮಾತು ಕೇಳ್ಬಹುದಿತ್ತು," ಎಂದ.

"ಮೊದಲೇ ಕೇಳಿದ್ದೆ. ಬಿಡು, ಯಾರು ಬೇಡ ಅಂದ್ರು ಅಂದಿದ್ರಿ."

ಭಾನುವಾರ ಬಂತು. ಐದೂವರೆಗೆ ಅವಳಿಗೆ ತಾನಾಗಿಯೇ ಎಚ್ಚರವಾಯಿತು. ಮತ್ತೆ ಮಲಗಿದಳು. ನಿದ್ದೆ ಬರದಿದ್ದರೂ ಹಟಕ್ಕೆ ಬಿದ್ದು ಏಳೂವರೆಯವರೆಗೆ ಮಲಗಿಯೇ ಇದ್ದಳು. ಎದ್ದು ಬಂದರೆ ನಡುಮನೆ ಬೆಳ್ಳಗೆ ಬೆಳಗುತ್ತಿತ್ತು. ಕಿಟಕಿಗಳಿಗೆ ಪರದೆಗಳಿರಲಿಲ್ಲ. ಆರೂ ಪರದೆ ನೆಲದ ಮೇಲೆ ರಾಶಿ ಬಿದ್ದಿದ್ದವು, ಪಕ್ಕದಲ್ಲಿ ಎರಡು ಬಕೆಟ್ಟು.

"ಎದ್ದೆಯಾ?" ಎಂದರು ಅತ್ತೆ. "ವರ್ಷ ಆಗಿತ್ತು ಇವನ್ನ ಒಗೆದು. ನನ್ನ ಕೈಲಾಗಲ್ಲ. ನೀನು ಹೇಗೂ ಮನೇಲಿದೀಯಲ್ಲ ಅಂತ ಇಳಿಸಿದೆ. ಪುಡಿಯೂ ಬೇಕಾದಷ್ಟಿದೆ."

ಗಂಡ ಪೇಪರಿನಿಂದ ತಲೆ ಎತ್ತಿದ. "ಹಾಗೇ ನನ್ನ ಕೆಲಸದ ಪ್ಯಾಂಟು ಎರಡಿದೆ. ಗ್ರೀಸು. ನಿನಗೆ ಅಭ್ಯಾಸ ಇದೆಯಲ್ಲ."

ಸೊಸೆ ರಾಶಿಯನ್ನು ನೋಡಿದಳು. ಲಾಂಡ್ರಿಯ ಬಾಗಿಲಲ್ಲಿ ಈ ಹೊತ್ತಿಗೆ ಬೀಳುವ ರಾಶಿಯೂ ಹೀಗೇ. ಅಲ್ಲಿಯಾದರೆ ಮುನ್ನೂರು ಸಿಗುತ್ತಿತ್ತು. ಅಲ್ಲೇ ಕುರ್ಚಿಯಲ್ಲಿ ಕೂತಳು.

"ರೀ," ಎಂದು ಅತ್ತೆ ಮಾವನನ್ನು ಕರೆದರು. "ಪುಡಿ ಕೊಡಿ. ಎರಡು ಲೋಟ."

ಮಾವ ಕೋಣೆಯ ಬಾಗಿಲಿಗೆ ಬಂದು ನಿಂತರು. ಪರದೆಗಳನ್ನು ನೋಡಿದರು, ಬಕೆಟ್ಟು ನೋಡಿದರು, ಸೊಸೆಯನ್ನು ನೋಡಿದರು.

"ಇವತ್ತು ಕೊಡಕ್ಕಾಗಲ್ಲ."

"ಯಾಕೆ? ಬೀಗದ ಕೈ ಕಳೀತಾ?"

"ಭಾನುವಾರ ಸ್ಟೋರಿಗೆ ರಜೆ."

"ಏನು ರಜೆ? ಯಾರು ಕೊಟ್ಟಿದ್ದು?"

"ಮೂವತ್ತೊಂದು ವರ್ಷದಲ್ಲಿ ಒಂದು ಭಾನುವಾರಾನೂ ನಾನು ಬೀಗ ತೆಗೆದಿಲ್ಲ. ದೊಡ್ಡ ಡಾಕ್ಟ್ರು ಬಂದು ನಿಂತ್ರೂ ತೆಗೆದಿಲ್ಲ. ಟೀ, ಸಕ್ಕರೆ ನಿನ್ನೆ ಏಳಕ್ಕೇ ಎರಡು ದಿನದ್ದು ಕೊಟ್ಟಿದೀನಿ. ಪುಡಿ ನಾಳೆ ಏಳಕ್ಕೆ."

"ನಾಳೆ ಅವಳು ಕೆಲಸಕ್ಕೆ ಹೋಗ್ತಾಳಲ್ಲ."

"ಹೋಗ್ಲಿ. ಪ್ಯಾಂಟು ಯಾರದ್ದೋ ಅವರು ಬರ್ಲಿ ಏಳಕ್ಕೆ," ಎಂದು ಮಾವ ಒಳಗೆ ಹೋದರು. ಮಂಚ ಕಿರುಗುಟ್ಟಿದ ಸದ್ದು ಕೇಳಿತು. ಮಾಡಿದ ತಪ್ಪಿಗೆ ದಂಡ ಕಟ್ಟುತ್ತಿದ್ದರೋ, ಬರೀ ಹಳೆಯ ಹಟವೋ, ಸೊಸೆಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ.

ಗಂಡ ಪೇಪರಿನೊಳಗೆ ಮುಖ ಮುಚ್ಚಿಕೊಂಡ. ಮಗಳು ಅಮ್ಮನ ಕೈಗೆ ಟೀ ಲೋಟ ತಂದುಕೊಟ್ಟಳು. ಅತ್ತೆ ಗೊಣಗುತ್ತ, ಕೊಳೆ ಪರದೆಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಕಂಬಿಗೆ ಪೋಣಿಸತೊಡಗಿದರು. ಹತ್ತಿ ನಿಂತಿದ್ದ ಸ್ಟೂಲು ಸ್ವಲ್ಪ ಅಲುಗಾಡುತ್ತಿತ್ತು.

"ಸ್ವಲ್ಪ ಬಂದು ಹಿಡ್ಕೊಳೇ," ಎಂದರು.

"ಅವರನ್ನ ಕರೀರಿ ಅತ್ತೆ," ಎಂದು ಸೊಸೆ ಗಂಡನ ಕಡೆ ತೋರಿಸಿ, ಟೀ ಆರಿಸಿಕೊಂಡು ಕುಡಿಯುತ್ತ ಕೂತೇ ಇದ್ದಳು.